ವಿಶಾಖೆ ಅಳಲಿ ಬಿಡು

ಪ್ರೀತಿಯ ತಂಗಿ,

ನಿನ್ನ ಹಸ್ತಪ್ರತಿ ಓದಿ ಮುಗಿಸಿದೆ. ‘ನನ್ನ ಕೈಲಿ ಆಗಲ್ಲ, ಇಲ್ಲಿಗೇ ಬಿಟ್ಟುಬಿಡ್ತೀನಿ’ ಅಂತ ಬರೆದಿದ್ದೀಯ. ಬಿಡಬೇಡ. ಅಧ್ಯಾಯ ಎಷ್ಟುದ್ದ ಇರಬೇಕು, ಯಾವ ಪ್ರಕಾಶಕರಿಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ನಾನು ಮಾತಾಡಬೇಕಿರುವುದು ನೀನು ಬರೆದಿರುವ ವಿಶಾಖೆಯ ಬಗ್ಗೆ, ಶ್ರಾವಸ್ತಿ ಊರಲ್ಲಿದ್ದ ಬುದ್ಧನ ಆ ಭಕ್ತೆಯ ಬಗ್ಗೆ.

ನಿನ್ನ ವಿಶಾಖೆ ಯಾವಾಗ ನೋಡಿದರೂ ಕಣ್ಣು ಮುಚ್ಚಿ ಕೂತಿರುತ್ತಾಳೆ. ಮುಖದಲ್ಲಿ ಕಾಂತಿ, ಬಾಯಿ ಬಿಟ್ಟರೆ ಉಪದೇಶ. ಓದುತ್ತಾ ಓದುತ್ತಾ ಸಿಟ್ಟೇ ಬಂತು. ಇಷ್ಟು ಚೆನ್ನಾಗಿ ಬರೆಯುವ ಹುಡುಗಿ ಅಂಥ ಹೆಂಗಸನ್ನು ಕ್ಯಾಲೆಂಡರ್ ಚಿತ್ರ ಮಾಡಿಬಿಟ್ಟಳಲ್ಲ ಅಂತ.

ಬೌದ್ಧ ಸಂಘದ ನಿಯಮಗಳ ಗ್ರಂಥ ವಿನಯಪಿಟಕ, ಅದರ ಮಹಾವಗ್ಗ ಅನ್ನುವ ಭಾಗದಲ್ಲಿ ಅವಳು ಹೇಗಿದ್ದಾಳೆ ನೋಡು. ಶ್ರಾವಸ್ತಿಯಲ್ಲಿ ಜೋರು ಮಳೆ. ಬುದ್ಧನನ್ನೂ ಭಿಕ್ಷುಗಳನ್ನೂ ಮನೆಗೆ ಊಟಕ್ಕೆ ಕರೆದಿದ್ದಾಳೆ. ಹೊತ್ತಾಯಿತು ಅಂತ ಹೇಳಿಬರಲು ದಾಸಿಯನ್ನು ಅವರು ತಂಗಿದ್ದ ಜೇತವನ ವಿಹಾರಕ್ಕೆ ಕಳಿಸುತ್ತಾಳೆ. ಅಲ್ಲಿ ಭಿಕ್ಷುಗಳು ಬಟ್ಟೆ ತೆಗೆದಿಟ್ಟು ಮಳೆಯಲ್ಲಿ ಮೀಯುತ್ತಿದ್ದಾರೆ. ದಾಸಿ ವಾಪಸ್ ಬಂದು, ‘ಭಿಕ್ಷುಗಳು ಯಾರೂ ಇಲ್ಲ, ಆಜೀವಕರು ಮಳೆಯಲ್ಲಿ ನೆನೆಯುತ್ತಿದ್ದಾರೆ’ ಅನ್ನುತ್ತಾಳೆ. ಆಜೀವಕರು ಅಂದರೆ ಬೆತ್ತಲೆ ಇರುತ್ತಿದ್ದ ಬೇರೆ ಪಂಥದ ಸನ್ಯಾಸಿಗಳು. ವಿಶಾಖೆಗೆ ನಡೆದದ್ದೇನು ಅಂತ ಹೊಳೆಯುತ್ತದೆ. ಊಟ ಬಡಿಸಿದ ಮೇಲೆ ಬುದ್ಧನ ಹತ್ತಿರ 8 ವರ ಕೇಳುತ್ತಾಳೆ. ಭಿಕ್ಷುಗಳಿಗೆ ಮಳೆಗಾಲದ ಬಟ್ಟೆ. ಊರಿಗೆ ಬರುವವರಿಗೆ, ಊರಿಂದ ಹೊರಡುವವರಿಗೆ ಊಟ. ಕಾಯಿಲೆಯವರಿಗೆ ಊಟ, ಔಷಧಿ. ಅವರ ಆರೈಕೆ ಮಾಡುವವರಿಗೂ ಊಟ, ಯಾಕೆಂದರೆ ತಮ್ಮ ಊಟ ಹುಡುಕಿಕೊಂಡು ಹೋದರೆ ರೋಗಿಗೆ ಹೊತ್ತು ಮೀರುತ್ತದೆ. ದಿನಾ ಗಂಜಿ. ಭಿಕ್ಷುಣಿಯರಿಗೆ ಸ್ನಾನದ ಬಟ್ಟೆ. ಅಚಿರವತಿ ನದಿಯಲ್ಲಿ ಬೆತ್ತಲೆ ಮೀಯುತ್ತಿದ್ದ ಅವರನ್ನು ವೇಶ್ಯೆಯರು ಗೇಲಿ ಮಾಡಿದ್ದು ಅವಳಿಗೆ ನೆನಪಿತ್ತು. ಇಷ್ಟೆಲ್ಲ ಗಮನಿಸುವವಳಿಗೆ ಕಣ್ಣು ಮುಚ್ಚಿ ಕೂರಲು ಪುರುಸೊತ್ತೆಲ್ಲಿ?

ಇದರಿಂದ ನಿನಗೇನು ಫಲ ಅಂತ ಬುದ್ಧ ಕೇಳುತ್ತಾನೆ. ಮುಂದೆ ಯಾವುದೋ ಭಿಕ್ಷು ತೀರಿಕೊಂಡ ಸುದ್ದಿ ಬರುತ್ತದೆ, ಅವನು ಎಂದಾದರೂ ಶ್ರಾವಸ್ತಿಗೆ ಬಂದಿದ್ದನಾ ಅಂತ ವಿಚಾರಿಸುತ್ತೇನೆ ಅನ್ನುತ್ತಾಳೆ. ಬಂದಿದ್ದರೆ ನನ್ನ ಬಟ್ಟೆ ಉಟ್ಟಿರುತ್ತಾನೆ, ಇಲ್ಲವೇ ನನ್ನ ಗಂಜಿ ಕುಡಿದಿರುತ್ತಾನೆ. ಅದನ್ನು ನೆನೆದರೆ ಸಂತೋಷವಾಗುತ್ತದೆ, ಮೈ ಹಗುರಾಗುತ್ತದೆ, ಮನಸ್ಸು ಒಂದು ಕಡೆ ನಿಲ್ಲುತ್ತದೆ. ಅದೇ ಅವಳ ಸಾಧನೆ. ಗಂಜಿಯಿಂದ ಮನಸ್ಸಿನ ಸಮಾಧಿ ಸ್ಥಿತಿಗೆ ಹೋಗುವ ದಾರಿಯನ್ನು ಅವಳೇ ಇಷ್ಟು ಬಿಡಿಸಿ ಹೇಳಿರುವಾಗ, ನೀನ್ಯಾಕಮ್ಮ ಅವಳನ್ನು ಅಡುಗೆಮನೆಯಿಂದ ಆಚೆ ಹಾಕಿದೆ?

ಇನ್ನು ಮೊಮ್ಮಗು ಸತ್ತ ಪ್ರಸಂಗ. ‘ದುಃಖವನ್ನು ಗೆದ್ದಳು’ ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀಯ. ಎಲ್ಲಿ ಗೆದ್ದಳು? ‘ಉದಾನ’ ಅನ್ನುವ ಬೌದ್ಧ ಗ್ರಂಥದಲ್ಲಿ ಅವಳು ನಡುಹಗಲಲ್ಲಿ ಒದ್ದೆ ಬಟ್ಟೆ, ಒದ್ದೆ ಕೂದಲಲ್ಲೇ ಬುದ್ಧನ ಹತ್ತಿರ ಬರುತ್ತಾಳೆ. 7ನೇ ವಯಸ್ಸಿಗೇ ಸ್ರೋತಾಪನ್ನಳಾಗಿದ್ದಳು, ಅಂದರೆ ನಿರ್ವಾಣದ ದಾರಿಯ ಮೊದಲ ಹಂತ ಮುಟ್ಟಿದ್ದಳು ಅಂತ ಅಟ್ಟಕಥೆಗಳು, ಆ ಗ್ರಂಥಗಳ ಹಳೆಯ ವ್ಯಾಖ್ಯಾನಗಳು, ಹೇಳುವ ಹೆಂಗಸು ಇವಳು. ಶ್ರಾವಸ್ತಿಯಲ್ಲಿ ಎಷ್ಟು ಜನ ಇದ್ದಾರೋ ಅಷ್ಟು ಮಕ್ಕಳು ಮೊಮ್ಮಕ್ಕಳು ಬೇಕಾ ಅಂತ ಬುದ್ಧ ಕೇಳುತ್ತಾನೆ. ಬೇಕು ಅನ್ನುತ್ತಾಳೆ! ಊರಲ್ಲಿ ದಿನಕ್ಕೆ ಎಷ್ಟು ಜನ ಸಾಯುತ್ತಾರೆ ಅಂತ ಕೇಳಿದಾಗ ಹತ್ತು, ಒಂಬತ್ತು ಅಂತ ಇಳಿಸುತ್ತಾ ಬಂದು, ಕೊನೆಗೆ ಒಬ್ಬರಾದರೂ ಸಾಯುತ್ತಾರೆ ಅನ್ನುತ್ತಾಳೆ. ಹಾಗಾದರೆ ನಿನ್ನ ಬಟ್ಟೆ, ಕೂದಲು ಒಣಗಿರುವ ದಿನ ಇರುತ್ತಾ ಅಂತ ಬುದ್ಧ ಕೇಳುತ್ತಾನೆ. ಇಲ್ಲ, ಅಷ್ಟು ಮಕ್ಕಳು ಸಾಕು ಅನ್ನುತ್ತಾಳೆ. ಆ ‘ಬೇಕು’ ಇಲ್ಲದೆ ಈ ‘ಸಾಕು’ ಹೇಗೆ ಬರುತ್ತದೆ ಹೇಳು.

ನಾನು ನಿನ್ನ ವಯಸ್ಸಿನಲ್ಲಿದ್ದಾಗ ಒಬ್ಬ ಸಂಪಾದಕರು ‘ಭಕ್ತೆ ಹೀಗೆಲ್ಲ ಅಳಬಾರದು’ ಅಂತ ನನ್ನ ಕಥೆಯ ಒಂದು ಪ್ಯಾರಾ ಕತ್ತರಿಸಿ ಅಚ್ಚು ಹಾಕಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಆ ಸಿಟ್ಟು ಇವತ್ತಿಗೂ ಇಳಿದಿಲ್ಲ. ನಿನಗೆ ಅಂಥವರು ಯಾರೂ ಎದುರಾಗಿಲ್ಲ, ನೀನೇ ಕತ್ತರಿ ಹಿಡಿದಿದ್ದೀಯ. ಅದಕ್ಕೇ ಜಾಸ್ತಿ ಸಂಕಟ.

ಕೊನೆಯಲ್ಲಿ ಅವಳ ತಲೆ ಬೋಳಿಸಿ ಭಿಕ್ಷುಣಿ ಮಾಡಿದ್ದೀಯಲ್ಲ, ಅದನ್ನು ತೆಗೆದುಹಾಕು. ಅವಳು ಉಪಾಸಿಕೆಯಾಗಿ ಮನೆಯಲ್ಲೇ ಇದ್ದವಳು. ದಾಸಿ ನೆನೆದುಕೊಂಡು ವಾಪಸ್ ಬರುವಲ್ಲಿಂದ ಮತ್ತೆ ಶುರು ಮಾಡು. ಆ ದಾಸಿಗೂ ನಾಲ್ಕು ಮಾತು ಕೊಡು. ಬರೆದಷ್ಟನ್ನು ಯುಗಾದಿಯೊಳಗೆ ಕಳಿಸು, ಕಾಯ್ತಿರ್ತೀನಿ.

ನಿನ್ನ ಅಕ್ಕ