ಭಾನುವಾರದ ಸಿನಿಮಾ: ಸಮಯ ಬದಲಾಗಿದೆ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರದ ಸಿನಿಮಾ ಸಂಜೆ 6ಕ್ಕಲ್ಲ, 4ಕ್ಕೇ ಶುರು. ಎರಡು ಗಂಟೆಗೂ ಜಾಸ್ತಿ ಇದೆ, ಆಮೇಲೆ ಮಾತಿಗೂ ಸಮಯ ಬೇಕಲ್ವಾ? ಜಾಗ ಅದೇ, ಮಹಡಿ ಮೇಲಿನ ಹಾಲ್.

ನೋಡುವುದು ಕಾಂಬೋಡಿಯಾದ ನಿರ್ದೇಶಕ ರಿಥಿ ಪಾನ್ ಅವರ ‘ರೈಸ್ ಪೀಪಲ್’ (1994). ಆ ವರ್ಷ ಫ್ರಾನ್ಸಿನ ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿತ್ತು. ಖಮೇರ್ ರೂಜ್ (1970ರ ದಶಕದಲ್ಲಿ ಅಲ್ಲಿ ಆಳಿದ ಕ್ರೂರ ಕಮ್ಯುನಿಸ್ಟ್ ಆಡಳಿತ) ಕಾಲ ಮುಗಿದ ಮೇಲಿನ ಹಳ್ಳಿ. ಗಂಡ, ಹೆಂಡತಿ, ಏಳು ಹೆಣ್ಣುಮಕ್ಕಳು. ಇರುವ ಗದ್ದೆ ಸಾಕಾಗದು. ಹೆಂಡತಿ ನಾಗರಹಾವು ಕಂಡು ಅಪಶಕುನವೆಂದು ಹೆದರುತ್ತಾಳೆ. ಗಂಡನ ಕಾಲಿಗೆ ವಿಷಮುಳ್ಳು ಚುಚ್ಚುತ್ತದೆ. ಪೈರು ಉಳಿಸುವ ಕೆಲಸ ಹುಡುಗಿಯರ ಹೆಗಲಿಗೆ ಬೀಳುತ್ತದೆ. ಮುಂದಿನದು ಹೇಳುವುದಿಲ್ಲ. ಮೂಲ ಮಲೇಷ್ಯಾದ ಶಹನೋನ್ ಅಹ್ಮದ್ ಅವರ 1966ರ ಕಾದಂಬರಿ. ಕಾದಂಬರಿಯದೂ ಭತ್ತ ಬೆಳೆಯುವ ಊರಾದ್ದರಿಂದಲೋ ಏನೋ, ಕಥೆ ಕಾಂಬೋಡಿಯಾಕ್ಕೆ ಸಲೀಸಾಗಿ ಹೊಂದಿಕೊಂಡಿದೆ.

ಆ ಶಕುನವನ್ನು ಸುಮ್ನೆ ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ಹಾವಿಗಿಂತ ಗದ್ದೆ ಕೈತಪ್ಪುವ ಭಯವೇ ಅಲ್ಲಿ ದೊಡ್ಡದು ಅಂತ ನನಗನ್ನಿಸುತ್ತದೆ. ಒಪ್ಪದವರು ಖಂಡಿತ ಬನ್ನಿ, ಜಗಳವಾಡೋಣ!

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ, ಕುರ್ಚಿ ಲೆಕ್ಕ ಹಾಕಬೇಕು. ಸಬ್‌ಟೈಟಲ್ ಇಂಗ್ಲಿಷಿನಲ್ಲಿದೆ. ಓದಲು ಕಷ್ಟವಾಗುವ ಹಿರಿಯರ ಪಕ್ಕ ಕೂತು ಮೆಲ್ಲಗೆ ಕನ್ನಡದಲ್ಲಿ ಹೇಳುವ ಇಬ್ಬರು ಬೇಕು, ಯಾರು ಸಿದ್ಧ? ಸಾವು, ಸಂಕಟದ ದೃಶ್ಯಗಳಿವೆ, ಚಿಕ್ಕ ಮಕ್ಕಳನ್ನು ಕರೆತರಬೇಡಿ. ಸ್ಪೀಕರ್ ಇರುವವರು ನನಗೆ ಬೇರೆಯಾಗಿ ಮೆಸೇಜ್ ಮಾಡಿ.