ಭಾನುವಾರದ ಜಕ್ಕೂರು ಭೇಟಿ: ಪ್ರೊಪೆಲ್ಲರ್‌ನಿಂದ ದೂರ ಇರಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 8ಕ್ಕೆ ಬೆಂಗಳೂರಿನ ಜಕ್ಕೂರು ಏರೋಡ್ರೋಮ್ (ಸಣ್ಣ ವಿಮಾನಗಳ ನಿಲ್ದಾಣ) ಗೇಟಿನ ಹತ್ತಿರ ಸೇರೋಣ. ಮಕ್ಕಳನ್ನು ಕರೆತರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಸಣ್ಣ ವಿಮಾನದ ಅಪಾಯ ನೆಲದ ಮೇಲೂ ಇದೆ. ಎಂಜಿನ್ ಓಡುತ್ತಿದ್ದರೆ ಪ್ರೊಪೆಲ್ಲರ್ (ವಿಮಾನದ ಫ್ಯಾನಿನಂಥ ಭಾಗ) ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ, ರಾತ್ರಿಯಂತೂ ಇನ್ನೂ ಕಷ್ಟ. 2011ರ ಡಿಸೆಂಬರ್‌ನಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಯುವತಿಯೊಬ್ಬರು ಹಾರಾಟ ಮುಗಿಸಿ ಇಳಿದವರೇ ಅದಕ್ಕೆ ಸಿಕ್ಕಿ ಎಡಗೈ, ಎಡಗಣ್ಣು ಎರಡೂ ಕಳೆದುಕೊಂಡರು.

ನಿಂತ ಪ್ರೊಪೆಲ್ಲರನ್ನೂ ಸುಮ್ನೆ ಮುಟ್ಟಬೇಡಿ. ಇಂಥ ಎಂಜಿನ್‌ಗಳಿಗೆ ಸಾಮಾನ್ಯವಾಗಿ ಕಿಡಿ ಕೊಡುವುದು ಮ್ಯಾಗ್ನೆಟೋ (ಎಂಜಿನ್ ತಿರುಗಿದಾಗ ತಾನೇ ವಿದ್ಯುತ್ ಹುಟ್ಟಿಸುವ ಸಾಧನ), ಬ್ಯಾಟರಿ ಅಲ್ಲ. ಅದನ್ನು ಆಫ್ ಮಾಡುವ ಸ್ವಿಚ್ಚಿನ ವೈರ್ ತುಂಡಾಗಿದ್ದರೆ, ಕೀ ಆಫ್ ಇದ್ದರೂ ಕೈಯಿಂದ ತಿರುಗಿಸಿದಾಗ ಎಂಜಿನ್ ಸ್ಟಾರ್ಟ್ ಆಗಬಹುದು. ಫೋಟೋಗೆ ಅದನ್ನು ಹಿಡಿದು ನಿಲ್ಲುವುದು ಬೇಡವೇ ಬೇಡ.

ವಿಮಾನದ ಹತ್ತಿರ ರೆಕ್ಕೆಯ ಹಿಂದಿನಿಂದಲೇ ಹೋಗಿ, ಅದೂ ಪೈಲಟ್ ಕರೆದ ಮೇಲೆ. ಟೋಪಿ ಹಾರಿಹೋದರೆ ಅದರ ಹಿಂದೆ ಓಡಬೇಡಿ. ಮಕ್ಕಳ ಕೈ ಬಿಡಬೇಡಿ. ಅಲ್ಲಿ ಫೋನ್ ಜೇಬಿನಲ್ಲಿರಲಿ.

ಓದಿದವರು ‘ಓದಿದೆ’ ಅಂತ ಹಾಕಿ, ಜೊತೆಗೆ ಎಷ್ಟು ಮಕ್ಕಳು ಬರುತ್ತಾರೆ ಅಂತಲೂ ಶುಕ್ರವಾರ ಸಂಜೆಯೊಳಗೆ ತಿಳಿಸಿ. ಇಬ್ಬರು ಮಕ್ಕಳಿಗೆ ಒಬ್ಬ ದೊಡ್ಡವರು ಇರಲೇಬೇಕು.