ಊದದ ಕಡೆ ನೋಡಿದ ಸಿಸ್ಟರ್‌ಗೆ

ಸಿದ್ದಾಪುರದ ತೋಟದಲ್ಲಿ ಮೆಣಸು ಕೊಯ್ಲಿನ ದಿನ ಹೆಜ್ಜೇನು ಎದ್ದದ್ದು ನಿಮಗೆಲ್ಲ ಗೊತ್ತೇ ಇದೆ. ಕಚ್ಚಿಸಿಕೊಂಡ ಇಬ್ಬರೂ ಈಗ ಹುಷಾರಾಗಿದ್ದಾರೆ. ಜೀಪು ಓಡಿಸಿದವರಿಗೆ, ಕಂಬಳಿ ತಂದವರಿಗೆ, ಕಾರ್ಮಿಕರ ಲೈನ್ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡವರಿಗೆ ಕೈ ಮುಗಿಯುತ್ತೇವೆ.

ಉಳಿದ ಮಾತೆಲ್ಲ ಸಿಸ್ಟರ್‌ಗೆ. ಹೆಸರು ಹಾಕಬೇಡಿ ಅಂದಿದ್ದಾರೆ.

ಆಗ ಎಲ್ಲರ ಕಣ್ಣೂ ಒಬ್ಬಾಕೆಯ ಕೈ ಮೇಲಿತ್ತು. ಬೆರಳು ಮಡಚಲಾಗದಷ್ಟು ಊದಿ ಬಳೆ ಹೂತಿತ್ತು. ಮರುದಿನ ಊತ ಮೊಣಕೈ ದಾಟಿತು. ಆದರೂ ಅದು ಕಚ್ಚಿದ ಕೈಯಿಂದಲೇ ಹಬ್ಬಿದ ಊತ. 10 ಸೆಂಟಿಮೀಟರ್ ಮೀರಲಿ, ದಿನಗಟ್ಟಲೆ ಇರಲಿ, ಅದನ್ನು ಸ್ಥಳೀಯ ಅಲರ್ಜಿ ಎಂದೇ ಕರೆಯುತ್ತಾರೆ.

ಪಕ್ಕದಲ್ಲಿದ್ದ ಇನ್ನೊಬ್ಬಾಕೆಯ ಕುತ್ತಿಗೆಯಲ್ಲಿ ಒಂದೇ ಕೆಂಪು ಚುಕ್ಕೆ. ಅಂಗೈ ತುರಿಕೆ, ಹೊಟ್ಟೆ ಹಿಂಡುತ್ತಿದೆ ಎನ್ನುತ್ತಿದ್ದರು. ಹೆದರಿಕೆ ಅಂದುಕೊಂಡೆವು. ಸಿಸ್ಟರ್ ಮಾತ್ರ ಬೆನ್ನು ನೋಡಿದರು: ತುಂಬ ದದ್ದು. ಬಿಪಿಯ ಮೇಲಿನ ಅಂಕಿ 80ಕ್ಕೆ ಇಳಿದಿತ್ತು. ಕಚ್ಚಿದ್ದು ಕುತ್ತಿಗೆಗೆ, ಆದರೆ ಚರ್ಮ, ಹೊಟ್ಟೆ, ರಕ್ತದೊತ್ತಡ ಮೂರೂ ಒಟ್ಟಿಗೆ ಕೆಟ್ಟಿದ್ದವು. ಇದೇ ಅನಾಫಿಲಾಕ್ಸಿಸ್, ಅಂದರೆ ಇಡೀ ಮೈಗೆ ಹಬ್ಬಿ ಜೀವಕ್ಕೇ ಕುತ್ತು ತರುವ ಅಲರ್ಜಿ. ಗೊತ್ತಿರುವ ಅಲರ್ಜಿಯ ವಸ್ತು ತಾಗಿದ ಮೇಲೆ ಬಿಪಿ ಕುಸಿದರೆ ಅಥವಾ ಗಂಟಲು ಕಟ್ಟಿದರೆ, ದದ್ದು ಕಾಣದಿದ್ದರೂ ಇದೇ.

ಸಿಸ್ಟರ್ ಕೊಟ್ಟದ್ದು ಬಿಪಿ ಏರಿಸುವ ಅಡ್ರಿನಲಿನ್ ಇಂಜೆಕ್ಷನ್, 1:1000 ಸಾಂದ್ರತೆಯದು, ಅರ್ಧ ಎಂಎಲ್, ತೊಡೆಯ ನಡುವಿನ ಹೊರಬದಿಯ ಸ್ನಾಯುವಿಗೆ. ತೋಳಿನ ಚರ್ಮದಡಿ ಕೊಟ್ಟರೆ ಅಷ್ಟು ಬೇಗ ರಕ್ತಕ್ಕೆ ಸೇರುವುದಿಲ್ಲ. ಅಲರ್ಜಿ ಮಾತ್ರೆ ತುರಿಕೆ ಇಳಿಸುತ್ತದೆ, ಬಿದ್ದ ಬಿಪಿಯನ್ನು ಎತ್ತುವುದಿಲ್ಲ. ಐದು ನಿಮಿಷಕ್ಕೂ ಬಿಪಿ ಏರಲಿಲ್ಲ. ಇನ್ನೊಂದು ಡೋಸ್ ಕೊಟ್ಟರು.

ಅಷ್ಟರಲ್ಲಿ ಆಕೆ ವಾಂತಿಗೆ ಏಳಲು ನೋಡಿದರು, ನಾವು ತೋಳು ಹಿಡಿದು ಎಬ್ಬಿಸಲು ಹೋದೆವು. "ಎಬ್ಬಿಸಬೇಡಿ!" ಎಂದು ಸಿಸ್ಟರ್ ಕಿರುಚಿದರು. ಎದ್ದು ನಿಂತರೆ ರಕ್ತ ಕಾಲಿಗಿಳಿದು ಹೃದಯ ಬರಿದಾಗುತ್ತದೆ. ಹಾಗೆ ನಿಂತ ಕ್ಷಣದಲ್ಲೇ ಜೀವ ಹೋದವರಿದ್ದಾರೆ. ನಮ್ಮ ಕೈಯಿಂದಲೇ ಅದು ಆಗಿಬಿಡುತ್ತಿತ್ತು. ನೆನೆದರೆ ಇವತ್ತಿಗೂ ನಿದ್ದೆ ಹತ್ತುವುದಿಲ್ಲ. ಅವರು ಆಕೆಯನ್ನು ಮಗ್ಗುಲಾಗಿಸಿ ವಾಂತಿ ಮಾಡಿಸಿದರು, ಆಮೇಲೆ ಅಂಗಾತ ಮಲಗಿಸಿ ಕಾಲಡಿಗೆ ಮೆಣಸಿನ ಚೀಲ ಇಟ್ಟರು.

ಆಸ್ಪತ್ರೆಗೂ ಜೊತೆಗೇ ಬಂದರು. ಡ್ಯೂಟಿ ಮುಗಿದಿತ್ತು, ಮನೆಗೆ ಹೋಗಬಹುದಿತ್ತು. ಇಳಿದ ಅಲರ್ಜಿ ಮತ್ತೆ ಕಚ್ಚದೆಯೂ ಕೆಲವು ಗಂಟೆಗಳ ನಂತರ ಮರಳಬಹುದೆಂದು ಅವರಿಗೆ ಗೊತ್ತಿತ್ತು. ರಾತ್ರಿ ಎರಡಕ್ಕೆ ದದ್ದು ಮತ್ತೆ ಎದ್ದಾಗ ಡಾಕ್ಟರನ್ನು ಕರೆದವರೂ ಅವರೇ.

ಸಿಸ್ಟರ್, ಮೆಣಸಿನ ತೂಕದ ಚೀಟಿಯ ಹಿಂದೆ ನೀವು ಬರೆದ ಬಿಪಿ ನಮ್ಮ ಬಳಿ ಇದೆ: 80, 74, 90, 108. ಅಲರ್ಜಿ ತಜ್ಞರಿಗೆ ತೋರಿಸಲು ಹೋಗುವಾಗ ಆಕೆ ಅದನ್ನೂ ಒಯ್ಯುತ್ತಾರೆ.